ಚಿಕ್ಕಮ್ಮನ ರಿಪೋರ್ಟಿನಲ್ಲಿ 16

14 ಜೂನ್ 2025, ಶನಿವಾರ
ಚಿಕ್ಕಬಳ್ಳಾಪುರ

ಬೆಳಿಗ್ಗೆ ಆರೂವರೆಗೆ ಚಿಕ್ಕಮ್ಮನ ಫೋನ್. "ನಂಗೆ ಕ್ಯಾನ್ಸರ್ ಬಂದಿದ್ಯಂತೆ ಕಣಮ್ಮ" ಅಂದವಳಿಗೆ ಮುಂದೆ ಮಾತೇ ಹೊರಡಲಿಲ್ಲ. ರಿಪೋರ್ಟಿನ ಫೋಟೊ ಕಳಿಸು ಅಂದೆ. ಗರ್ಭಕೋಶದ ಬಾಯಿಯಲ್ಲಿ ಎಚ್‌ಪಿವಿ ಅನ್ನುವ ವೈರಸ್ ಇದೆಯಾ ಅಂತ ನೋಡುವ ಟೆಸ್ಟು. ಎಚ್‌ಪಿವಿ 16 ಪಾಸಿಟಿವ್. 18 ನೆಗೆಟಿವ್. ಉಳಿದ 12 ಹೈ ರಿಸ್ಕ್ ಬಗೆಗಳೂ ನೆಗೆಟಿವ್. ಕ್ಯಾನ್ಸರ್ ಅನ್ನುವ ಪದ ಆ ಹಾಳೆಯಲ್ಲಿ ಎಲ್ಲೂ ಇಲ್ಲ.

ಬಿಳಿ ಹೋಗುತ್ತದೆ ಅಂತ ತೋರಿಸಲು ಹೋಗಿದ್ದಳು. ಡಾಕ್ಟರ್ ಮುಂಜಾಗ್ರತೆಗೆ ಈ ಟೆಸ್ಟ್ ಬರೆದಿದ್ದರು. ನಿನ್ನೆ ಸಂಜೆ ರಿಪೋರ್ಟ್ ಕೊಟ್ಟ ಕಡೆ ಯಾರೋ "ಕ್ಯಾನ್ಸರ್ ವೈರಸ್ ಇದೆ" ಅಂದು ಕೈಗಿಟ್ಟು ಕಳಿಸಿದ್ದಾರೆ. ನನಗೆ ತುಂಬಾ ಸಿಟ್ಟು ಬಂತು. ಎರಡು ನಿಮಿಷ ಕೂರಿಸಿ ಮಾತಾಡಿದ್ದರೆ ಆಕೆ ರಾತ್ರಿಯೆಲ್ಲ ಎದ್ದು ಕೂತಿರಬೇಕಾಗಿರಲಿಲ್ಲ. ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಇಂಥ ರಿಪೋರ್ಟ್ ನೋಡುತ್ತಿದ್ದೇನೆ. ಮನೆಯವರದ್ದು ನೋಡಿದ್ದು ಇದೇ ಮೊದಲು. ರಜೆ ಹೇಳಿ ಶಿಡ್ಲಘಟ್ಟದ ಬಸ್ ಹತ್ತಿದೆ.

ಚಿಕ್ಕಮ್ಮ ರೇಷ್ಮೆ ಹುಳದ ಮನೆಯಲ್ಲೇ ಇದ್ದಳು. ಹುಳ ನಿನ್ನೆಯಷ್ಟೇ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿವೆ. ಇನ್ನೊಂದು ವಾರ ಹಗಲು ರಾತ್ರಿ ತಿನ್ನುವುದೇ ಕೆಲಸ. ಕಣ್ಣು ಊದಿಕೊಂಡಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಸೊಪ್ಪಿನ ಕಡ್ಡಿಯನ್ನು ಒಂದೊಂದಾಗಿ ತಟ್ಟೆಯ ಮೇಲೆ ಅಡ್ಡಡ್ಡ ಹಾಸುತ್ತಾ ಹೋದಳು. ನಾನೂ ಒಂದು ಕಂತೆ ತೆಗೆದುಕೊಂಡು ಎದುರಿಗೆ ನಿಂತೆ. ಎದುರುಬದುರು ಕೂತು ಆಡಲಾಗದ ಮಾತನ್ನು ಕೆಲಸ ಮಾಡುತ್ತಾ ಆಡಬಹುದು.

"ನಾನು ಯಾವ ತಪ್ಪೂ ಮಾಡಿಲ್ಲ ಕಣೆ. ನಿಮ್ಮ ಚಿಕ್ಕಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಈಗ ಎಲ್ಲಿಂದ ಬಂತು?"

ರಾತ್ರಿಯೆಲ್ಲ ಅವಳನ್ನು ಸುಟ್ಟಿದ್ದು ಇದೇ. ಕ್ಯಾನ್ಸರ್ ಭಯಕ್ಕಿಂತ ಇದು ಜಾಸ್ತಿ. ಹೇಳಿದೆ: ಇದು ದೇಹ ಸಂಬಂಧದಿಂದ ಬರುತ್ತದೆ ನಿಜ. ಆದರೆ ಮದುವೆಯಾದ ಹೆಚ್ಚುಕಡಿಮೆ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ತಗಲುತ್ತದೆ. ಜ್ವರ ಇಲ್ಲ, ನೋವಿಲ್ಲ, ಬಂದಿದ್ದೇ ಗೊತ್ತಾಗಲ್ಲ. ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳಲಾರದು. ಚಿಕ್ಕಪ್ಪನನ್ನೂ ಅನುಮಾನಿಸಬೇಡ, ನಿನ್ನನ್ನೂ ಬೈದುಕೊಳ್ಳಬೇಡ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆಮೇಲೆ ಕೇಳಿದಳು, "ಮತ್ತೆ ಆ 16 ಅಂದ್ರೆ ಏನು? ಹದಿನಾರು ಹುಳ ಇದ್ಯಾ?"

ಹುಳ ಸಾಕುವವಳಿಗೆ ಇದನ್ನು ಹೇಳುವುದು ಕಷ್ಟವಲ್ಲ. ಹಾಲುತೊಂಡೆ ಬೇರೆ, ಸುಣ್ಣಕಟ್ಟು ಬೇರೆ, ಗಂಟು ರೋಗ ಬೇರೆ ಅಲ್ವಾ ಅಂದೆ. ಹುಳಕ್ಕೆ ಕಾಯಿಲೆ ಅಂದರೆ ನೀನು ಮೊದಲು ಯಾವುದು ಅಂತ ಕೇಳ್ತೀಯ. ಹಾಗೆಯೇ ಎಚ್‌ಪಿವಿ ಒಂದು ದೊಡ್ಡ ಮನೆತನ. ಇನ್ನೂರಕ್ಕೂ ಹೆಚ್ಚು ಬಗೆ. ಕಂಡುಹಿಡಿದ ಸಾಲಿನಲ್ಲಿ ನಂಬರ್ ಕೊಟ್ಟಿದ್ದಾರೆ, ಅಷ್ಟೇ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಹೆಬ್ಬೆರಳಿಗೆ ನರಹುಲಿ ಆಗಿತ್ತು. ನೀನೇ ತಲೆಗೂದಲು ಬಿಗಿದು ಕಟ್ಟಿದ್ದೆ. ಅದೂ ಇದೇ ಮನೆತನದ್ದು, 2, 4ರಂಥ ಬಗೆಗಳು. ಚರ್ಮದ ಮೇಲೆ ಗಂಟು ಮಾಡುತ್ತವೆ, ಕ್ಯಾನ್ಸರ್ ಮಾಡಲ್ಲ. 6, 11 ಅನ್ನುವವು ಕೆಳಗಿನ ಜಾಗದಲ್ಲಿ ಗುಳ್ಳೆ ತರುತ್ತವೆ, ಅವೂ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ಗುಂಪಿನವಲ್ಲ. ಸುಮಾರು ಹದಿನಾಲ್ಕು ಬಗೆ ಮಾತ್ರ ಕೆಟ್ಟವು. ಅದರಲ್ಲೂ 16, 18 ಈ ಎರಡರಿಂದಲೇ ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು. ಎಲ್ಲಕ್ಕಿಂತ ಜೋರು 16.

ಅವಳು ಕಡ್ಡಿ ಹಿಡಿದು ಹಾಗೇ ನಿಂತಳು. ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ. ನಿಜವನ್ನು ಅರ್ಧ ಹೇಳಿದರೆ ಉಳಿದರ್ಧವನ್ನು ಊರಿನವರು ಹೇಳುತ್ತಾರೆ.

ಕೆಟ್ಟ ಬಗೆ ಬಂದರೂ ಎಲ್ಲರಿಗೂ ಕ್ಯಾನ್ಸರ್ ಆಗಲ್ಲ ಅಂದೆ. ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ಮೈಯೇ ಅದನ್ನು ಓಡಿಸುತ್ತದೆ. ಹೋಗದೆ ಬೀಡುಬಿಟ್ಟರೆ ತೊಂದರೆ. ನಮ್ಮ ಕಣಗಳಿಗೆ ಬೆಳೆದಿದ್ದು ಸಾಕು ಅಂತ ಹೇಳುವ ಬ್ರೇಕ್ ಇರುತ್ತದೆ. ವೈರಸ್ ಎರಡು ಪ್ರೋಟೀನ್ ತಯಾರಿಸಿ ಆ ಬ್ರೇಕನ್ನೇ ಕೀಳುತ್ತದೆ. ಆದರೂ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷ ಬೇಕು. ಎಚ್‌ಐವಿ ಇದ್ದು ಶಕ್ತಿ ಕುಂದಿದವರಲ್ಲಿ ಬೇಗ. ಈ ನಡುವಿನ ಕಾಲದಲ್ಲೇ ಹಿಡಿಯಬೇಕು.

ಈ ನಂಟನ್ನು ತೋರಿಸಿದವರು ಜರ್ಮನಿಯ ಹರಾಲ್ಡ್ ಜುರ್ ಹೌಸೆನ್. ಆ ಕಾಲದಲ್ಲಿ ತುಂಬಾ ಜನ ಹರ್ಪಿಸ್ ವೈರಸ್ ಮೇಲೆ ಬೊಟ್ಟು ಮಾಡುತ್ತಿದ್ದರು. ಇವರು ಒಪ್ಪದೆ ಹುಡುಕಿ 1983ರಲ್ಲಿ 16, ಮರುವರ್ಷ 18 ಕಂಡುಹಿಡಿದರು. 2008ರಲ್ಲಿ ನೊಬೆಲ್ ಬಂತು. ಅವರ ಹಠ ಇರದಿದ್ದರೆ ಇವತ್ತು ಚಿಕ್ಕಮ್ಮನ ಕೈಯಲ್ಲಿ ಈ ರಿಪೋರ್ಟೇ ಇರುತ್ತಿರಲಿಲ್ಲ. ಇದನ್ನು ಬಸ್ಸಿನಲ್ಲಿ ವಾಪಸ್ ಬರುವಾಗ ನೆನೆದೆ, ಅವಳಿಗೆ ಹೇಳಲಿಲ್ಲ.

ಟೈಮ್ ಇದೆ ಅಂದಿದ್ದನ್ನು ಅವಳು ಬೇರೆ ತರ ಹಿಡಿದಳು. "ಹಂಗಾದ್ರೆ ಗೂಡು ಮಾರಿದ ಮೇಲೆ ನೋಡೋಣ ಬಿಡು."

ಹದಿನೈದು ದಿನಕ್ಕೆ ಏನೂ ಆಗಲ್ಲ, ನನಗೂ ಗೊತ್ತು. ಆದರೆ ಗೂಡು ಆದ ಮೇಲೆ ಮುಂದಿನ ಚಾಕಿ, ಅಂದರೆ ಮರಿಹುಳ, ಬರುತ್ತದೆ. ಆಮೇಲೆ ವರಮಹಾಲಕ್ಷ್ಮಿ, ಆಮೇಲೆ ಗೌರಿ ಹಬ್ಬ. ರಕ್ತ ಕಂಡ ಮೇಲೆ ಬಂದವರ ಬಯಾಪ್ಸಿ ಸ್ಲೈಡುಗಳನ್ನು ನಾನು ನೋಡಿದ್ದೇನೆ. ಅವರೆಲ್ಲ ಒಂದು ಕಾಲದಲ್ಲಿ "ಆಮೇಲೆ ನೋಡೋಣ" ಅಂದವರೇ ಇರಬೇಕು. ಕೈಮುಗಿದು ಕೇಳಿದೆ.

ಏನು ಮಾಡ್ತಾರೆ ಅಂತ ಬಿಡಿಸಿ ಹೇಳಿದೆ. ಕಾಲ್ಪೊಸ್ಕೋಪಿ ಅಂತ. ದುರ್ಬೀನಿನಂಥ ಯಂತ್ರ ಹೊರಗೇ ಇರುತ್ತದೆ. ವಿನೆಗರ್‌ನಂಥ ತೆಳು ಆಸಿಡ್ ಹಚ್ಚುತ್ತಾರೆ. ಬದಲಾದ ಜಾಗವಿದ್ದರೆ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಅಲ್ಲಿಂದ ಚೂರು ತೆಗೆದು ನೋಡುತ್ತಾರೆ. ಕ್ಯಾನ್ಸರಿಗೆ ಮುಂಚಿನ ಹಂತವಾದರೆ ಆ ಭಾಗವನ್ನಷ್ಟೇ ಸುಡುತ್ತಾರೆ, ಇಲ್ಲವೇ ತೆಗೆಯುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ.

ಮಧ್ಯಾಹ್ನ ಚಿಕ್ಕಮ್ಮನ ಮಗಳು ಶಾಲೆಯಿಂದ ಬಂದಳು. ಎಂಟನೇ ಕ್ಲಾಸು. ಅವಳ ಜಡೆ ನೋಡುತ್ತಾ ಚಿಕ್ಕಮ್ಮ ಕೇಳಿದಳು, "ಇವಳಿಗೆ ಏನಾದ್ರೂ ಇದ್ಯಾ?" ಲಸಿಕೆ ಇದೆ ಅಂದೆ. ಪುಣೆಯಲ್ಲೇ ತಯಾರಾಗುವ ಸರ್ವಾವ್ಯಾಕ್ 6, 11, 16, 18 ಈ ನಾಲ್ಕನ್ನೂ ತಡೆಯುತ್ತದೆ. ಒಂಬತ್ತರಿಂದ ಹದಿನಾಲ್ಕರೊಳಗೆ ಹಾಕಿಸಿದರೆ ಒಳ್ಳೆಯದು. ನಿನ್ನೊಳಗಿರುವುದನ್ನು ಅದು ತೆಗೆಯಲಾರದು.

"ಚಾಕಿ ತರೋಕೆ ಮುಂಚೆ ಮನೆಗೆ ಬ್ಲೀಚಿಂಗ್ ಹೊಡಿತೀವಲ್ಲ, ಹಂಗೆ. ಕಾಯಿಲೆ ಬಿದ್ದ ಮೇಲೆ ಹೊಡೆದು ಏನು ಬಂತು" ಅಂದಳು. ನಾನು ಹತ್ತು ಸಲ ಹೇಳಿದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಮುಂದೆ ಮೂವತ್ತು ದಾಟಿದ ಮೇಲೆ ಮಗಳೂ ಪರೀಕ್ಷೆ ಮಾಡಿಸಬೇಕು ಅಂತ ಸೇರಿಸಿದೆ. ಲಸಿಕೆ ಎಲ್ಲ ಬಗೆಯನ್ನೂ ತಡೆಯುವುದಿಲ್ಲ.

ಚಿಕ್ಕಬಳ್ಳಾಪುರದಲ್ಲಿ ನನಗೆ ಗೊತ್ತಿರುವ ಲೇಡಿ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮಂಗಳವಾರ ಹತ್ತೂವರೆ. ಅವತ್ತು ಸೊಪ್ಪು ಹಾಕಲು ಮಗ ಒಪ್ಪಿದ. ಹುಳದ ಮನೆ ಬಾಗಿಲಿನ ಕ್ಯಾಲೆಂಡರಿನಲ್ಲಿ ಜ್ವರ ಎದ್ದ ದಿನಕ್ಕೆ ಚಿಕ್ಕಮ್ಮ ಸುತ್ತು ಹಾಕಿದ್ದಳು. ಸೊಪ್ಪಿನ ಹಸಿರು ಮೆತ್ತಿದ ಬೆರಳಲ್ಲೇ ಪೆನ್ ಹಿಡಿದು 17ಕ್ಕೂ ಒಂದು ಸುತ್ತು ಹಾಕಿದಳು.