ಗುಂಡು ಹಾರಿಸದ ಫಾದರ್

ಚರ್ಚ್ ಚರಿತ್ರೆಯ ಕ್ಲಾಸು ಇರುತ್ತಿದ್ದದ್ದು ಮಧ್ಯಾಹ್ನದ ಊಟ ಆದ ಮೇಲೆ. ಅರ್ಧ ಜನ ತೂಕಡಿಸುತ್ತಿದ್ದರು. ಆದರೆ ಫಾದರ್ ಪಠ್ಯ ಬದಿಗಿಟ್ಟು ತಮ್ಮ ಸೇನೆಯ ದಿನಗಳ ಮಾತು ತೆಗೆದರೆ ಸಾಕು, ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಪಾದ್ರಿಗಳಾಗಲು ನಾವು ಓದುತ್ತಿದ್ದ ಗುರುಮಠಕ್ಕೆ ಪಾಠ ಮಾಡಲು ಬರುವ ಮೊದಲು ಅವರು ಸೇನೆಯಲ್ಲಿ ಚಾಪ್ಲೇನ್, ಅಂದರೆ ಸೈನಿಕರ ಗುರುಗಳು (ಪಾದ್ರಿ) ಆಗಿದ್ದರು.

"ಫಾದರ್, ನೀವು ಎಷ್ಟು ಗುಂಡು ಹಾರಿಸಿದ್ದೀರಿ?" ಅಂತ ಒಬ್ಬ ಕೇಳಿದ. "ಒಂದೂ ಇಲ್ಲ ಕಣೋ," ಅಂದರು. ನಮಗೆಲ್ಲ ನಿರಾಸೆ. ಯೂನಿಫಾರ್ಮ್ ಹಾಕಿಕೊಂಡು ಸುಮ್ನೆ ಇರೋದಾ?

ಜಿನೀವಾ ಒಪ್ಪಂದ ಆಗ ಪಾಠಕ್ಕೆ ಬಂತು. 1949ರ ಆ ಒಪ್ಪಂದದ ಪ್ರಕಾರ ಸೇನೆಯ ಗುರುಗಳಿಗೂ ಸೇನೆಯ ವೈದ್ಯರಿಗೆ ಇರುವಂಥ ರಕ್ಷಣೆ ಇದೆ. ಶತ್ರುಗಳ ಕೈಗೆ ಸಿಕ್ಕರೂ ಅವರನ್ನು ಯುದ್ಧಕೈದಿ ಅನ್ನುವ ಹಾಗಿಲ್ಲ. ಸೆರೆಯಲ್ಲಿರುವ ಸೈನಿಕರಿಗೆ ಅವರ ಸೇವೆ ಬೇಕಿರುವಷ್ಟು ಕಾಲ ಮಾತ್ರ ಇಟ್ಟುಕೊಳ್ಳಬಹುದು. "ಇದು ಕಾಗದದ ಮೇಲಿನ ಮಾತು. ಈಗ ನಡೆದದ್ದು ಕೇಳಿ," ಅಂತ ಫಾದರ್ ಎಮಿಲ್ ಕಪಾನ್ ಅವರ ಕಥೆ ಶುರು ಮಾಡಿದರು.

ಕಪಾನ್ ಅಮೆರಿಕದ ಕ್ಯಾನ್ಸಸ್‌ನವರು. ಕೊರಿಯಾ ಯುದ್ಧದಲ್ಲಿ, 1950ರ ನವೆಂಬರ್‌ನಲ್ಲಿ, ಉನ್ಸಾನ್ ಹತ್ತಿರ ತಪ್ಪಿಸಿಕೊಳ್ಳುವ ಅವಕಾಶ ಇದ್ದರೂ ಗಾಯಗೊಂಡವರ ಜೊತೆ ಉಳಿದು ಸೆರೆಯಾದರು. ಶಿಬಿರದಲ್ಲಿ ಹಸಿವು, ಚಳಿ, ಭೇದಿ. ತಗಡನ್ನು ಕಲ್ಲಿನಿಂದ ಬಡಿದು ಪಾತ್ರೆ ಮಾಡಿ, ಅದರಲ್ಲಿ ನೀರು ಕಾಯಿಸಿ ಎಲ್ಲರಿಗೂ ಕುಡಿಸುತ್ತಿದ್ದರು. ರಾತ್ರಿ ಕಾವಲುಗಾರರ ಕಣ್ಣು ತಪ್ಪಿಸಿ ಅಕ್ಕಿ, ಆಲೂಗಡ್ಡೆ ಕದ್ದು ತರುತ್ತಿದ್ದರು. ಕದಿಯಲು ಹೊರಡುವ ಮುಂಚೆ ಅವರು ಪ್ರಾರ್ಥಿಸುತ್ತಿದ್ದದ್ದು ಸಂತ ಡಿಸ್ಮಾಸ್‌ಗೆ, ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಆ ಒಳ್ಳೆಯ ಕಳ್ಳನಿಗೆ! ಇಡೀ ಕ್ಲಾಸು ನಕ್ಕಿತು. 1951ರ ಮೇ ತಿಂಗಳಲ್ಲಿ ಅದೇ ಶಿಬಿರದಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 35. ಅವರ ಅವಶೇಷಗಳ ಗುರುತು ಪತ್ತೆಯಾಗಿದ್ದು 2021ರಲ್ಲಿ.

ಅವತ್ತು ನಗದೆ ಕೂತಿದ್ದವನು ನನ್ನ ಪಕ್ಕದ ಗೆಳೆಯ. ಸಂಜೆ ಫಾದರ್ ಹತ್ತಿರ ಹೋಗಿ, ತನಗೂ ಸೇನೆಯ ಗುರು ಆಗಬೇಕು ಅಂದ. ಜೊತೆಗೆ ನಾನೂ ಇದ್ದೆ. ಫಾದರ್ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ: "ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗ ಬಂದು, ಏನೂ ಮಾತಾಡದೆ ನಿನ್ನ ಎದುರು ಕೂತರೆ, ನೀನೂ ಬಾಯಿ ಮುಚ್ಚಿಕೊಂಡು ಕೂರ್ತೀಯಾ?" ಗೆಳೆಯನಿಗೆ ಉತ್ತರ ಹೊಳೆಯಲಿಲ್ಲ. "ಹಾಗಾದ್ರೆ ಮೊದಲು ಆಸ್ಪತ್ರೆ ವಾರ್ಡಿಗೆ ಹೋಗು. ಉಪದೇಶ ಮಾಡ್ಬೇಡ, ಬರೀ ಕೂತು ಬಾ," ಅಂದರು. ಮುಂದೆ ಭಾನುವಾರಗಳೆಲ್ಲ ಅವನದು ಅದೇ ಕೆಲಸ.

ಅವರ ಈ ಪರೀಕ್ಷೆಯೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಧೈರ್ಯ ಇರುವವರು ಸೇನೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ, ಅಲ್ವಾ?

ಗುರುದೀಕ್ಷೆ ಆದ ತಕ್ಷಣ ಗೆಳೆಯನ ಆಸೆ ಈಡೇರಲಿಲ್ಲ. ಸೈನಿಕರಿಗಾಗಿಯೇ ಧರ್ಮಪ್ರಾಂತ್ಯದಂಥ (ಒಬ್ಬ ಬಿಷಪ್‌ರ ಆಡಳಿತದ ಪ್ರದೇಶದಂಥ) ವ್ಯವಸ್ಥೆಗೆ ಪೋಪ್ ಎರಡನೇ ಜಾನ್ ಪಾಲ್ 1986ರಲ್ಲಿ ಹೊಸ ನಿಯಮ ಕೊಟ್ಟರು. ಆದರೂ ಗುರುಗಳು ಹೆಚ್ಚಾಗಿ ಬರಬೇಕಾದ್ದು ಬೇರೆ ಧರ್ಮಪ್ರಾಂತ್ಯಗಳಿಂದಲೇ. ಅಲ್ಲಿನ ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಒಪ್ಪಿ ಕಳಿಸಬೇಕು. ಚರ್ಚುಗಳಿಗೇ ಗುರುಗಳು ಸಾಲದಿರುವಾಗ ಯಾರು ತಾನೇ ಬೇಗ ಬಿಡುತ್ತಾರೆ? ಇವನು ಕಾದ. ಕೊನೆಗೆ ಬಿಟ್ಟರು.

ಈಗ ಕಾಗದ ಬರೆಯುತ್ತಾನೆ. ಪಾಪನಿವೇದನೆಯ ಗುಟ್ಟು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆದರೆ ಹರಟಲು ಬರುವವರಲ್ಲಿ ಯುದ್ಧದ ಮಾತು ಎತ್ತುವವರು ಕಡಿಮೆಯಂತೆ. ಮನೆ ಸಾಲ, ಮುನಿಸಿಕೊಂಡ ಹೆಂಡತಿ, ಇನ್ನೂ ಮುಖ ನೋಡಿರದ ಮಗು, ಇಂಥದ್ದೇ ಜಾಸ್ತಿಯಂತೆ. ನಮ್ಮ ಬ್ಯಾಚಿನವರು ಯಾರಾದರೂ ಅವನಿಗೆ ಬರೆಯುವುದಾದರೆ ವಿಳಾಸ ನನ್ನ ಹತ್ತಿರ ಇದೆ.