ನಮ್ಮ ಮಗಳ ಮೇಲೆ ಕಲಿಯುತ್ತಾರಾ?

ಶಿವಮೊಗ್ಗದಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮಗಳನ್ನು ಕರೆತಂದ ತಾಯಂದಿರು ನನ್ನನ್ನು ಪಕ್ಕಕ್ಕೆ ಕರೆದು ಕೇಳುವುದು ಒಂದೇ: “ಮೇಡಂ, ಈ ಹುಡುಗೀರು ನಮ್ಮ ಮಗಳ ಮೇಲೆ ಕಲೀತಾರಾ?”

ಹೌದು, ಕಲಿಯುತ್ತಾರೆ. ಆದರೆ ಏನನ್ನು, ಹೇಗೆ ಅನ್ನುವುದನ್ನೂ ಹೇಳಬೇಕು.

ಮಗುವಿನ ತಲೆಗೆ ಹೇಗೆ ಆಸರೆ ಕೊಡಬೇಕು, ಮಾಸು ಹೊರಬರುವಾಗ ಹೇಗೆ ಹಿಡಿಯಬೇಕು, ಇವನ್ನೆಲ್ಲ ಮೊದಲು ಡಮ್ಮಿ ಗೊಂಬೆಯ ಮೇಲೆ ಮಾಡಿಸುತ್ತೇವೆ. ಕೈ ಪಳಗಿದ ಮೇಲೂ ಲೇಬರ್ ರೂಮಿನಲ್ಲಿ ವಿದ್ಯಾರ್ಥಿನಿಯ ಕೈ ಪಕ್ಕದಲ್ಲೇ ನನ್ನ ಕೈ ಇರುತ್ತದೆ.

ಡಮ್ಮಿ ಕಲಿಸದ ಕೆಲಸ ಒಂದಿದೆ. ಸುಮ್ನೆ ಪಕ್ಕದಲ್ಲಿ ಕೂರುವುದು. ಚೊಚ್ಚಲ ಹೆರಿಗೆಯಲ್ಲಿ ಬೇನೆ ಬಲವಾದ ಮೇಲೂ 10-12 ಗಂಟೆ ಹಿಡಿಯಬಹುದು. ಅಷ್ಟು ಹೊತ್ತೂ ಒಬ್ಬರು ಬೇಕಲ್ವಾ? ಹೊಟ್ಟೆಯ ಮೇಲೆ ಅಂಗೈ ಇಟ್ಟು, 10 ನಿಮಿಷದಲ್ಲಿ ಎಷ್ಟು ಸಲ ಬೇನೆ ಬಂತು, ಒಂದೊಂದು ಎಷ್ಟು ಸೆಕೆಂಡ್ ನಿಂತಿತು ಎಂದು ಎಣಿಸಬೇಕು. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ಬೇನೆಯ ಹೊತ್ತಿಗೆ ಕಡಿಮೆಯಾದ ಬಡಿತ ಬೇನೆ ಇಳಿದ ಮೇಲೂ ಏರದಿದ್ದರೆ ಡಾಕ್ಟರನ್ನು ಎಬ್ಬಿಸಬೇಕು, ಬೈಸಿಕೊಂಡರೂ ಪರವಾಗಿಲ್ಲ. ನಡುವೆ ನೀರು ಕುಡಿಸಬೇಕು, ಎದ್ದು ಓಡಾಡಿಸಬೇಕು, ಸೊಂಟ ಒತ್ತಬೇಕು. ಹುಡುಗಿಯರಿಗೆ ಮಗುವನ್ನು ಹಿಡಿಯುವ ಆಸೆ ಜಾಸ್ತಿ. ಕೂತು ಕಾಯುವುದು ಬಂದ ಮೇಲೇ ನಾನು ಅದಕ್ಕೆ ಬಿಡುವುದು.

ನಾನು ಕಲಿಯುವಾಗ ಹೀಗಿರಲಿಲ್ಲ. ಒಂದು ಆಸ್ಪತ್ರೆಯಲ್ಲಿ ನಾವು ಐದು ಜನ ಒಬ್ಬರ ಹಿಂದೊಬ್ಬರು ಒಬ್ಬಳೇ ಹೆಂಗಸನ್ನು ಒಳಗೆ ಕೈ ಹಾಕಿ ಪರೀಕ್ಷೆ ಮಾಡಿದೆವು. ಆಕೆಯನ್ನು ಯಾರೂ ಕೇಳಲಿಲ್ಲ. ಆಕೆ ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ನನ್ನದು ಮೂರನೇ ಕೈ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಎಲ್ಲ ಸರಿಯಾಗಿದ್ದರೆ ಆ ಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ನನ್ನ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಮಾತ್ರ ಮಾಡುತ್ತಾಳೆ. ಅದೂ “ಅಕ್ಕ, ನಾನಿನ್ನೂ ಕಲಿಯುತ್ತಿದ್ದೇನೆ, ನೋಡಲಾ?” ಎಂದು ಕೇಳಿ, ಆಕೆ ಒಪ್ಪಿದ ಮೇಲೆ. ಎಷ್ಟು ಪರೀಕ್ಷೆ, ಹೆರಿಗೆ ಮಾಡಿದೆವು ಎಂದು ಬರೆಯುವ ಲಾಗ್ ಬುಕ್ ತುಂಬಿಸಲು ಯಾರ ಮೈಯನ್ನೂ ಮುಟ್ಟುವಂತಿಲ್ಲ.

ಇಷ್ಟೆಲ್ಲ ಯಾಕೆ ಕಲಿಸಬೇಕು? ಶರಾವತಿ ಹಿನ್ನೀರಿನ ಆಚೆಗಿರುವ ತುಮರಿಯವರನ್ನು ಕೇಳಿ. ಆ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆದಿದ್ದು 2025ರ ಜುಲೈನಲ್ಲಿ. ಅದಕ್ಕೂ ಮುಂಚೆ ರಾತ್ರಿ ಬೇನೆ ಬಂದರೆ ನೀರು ದಾಟಿಸುವ ಲಾಂಚ್ ಇರುತ್ತಿರಲಿಲ್ಲ. ಹೊಸನಗರದ ಕಡೆಯಿಂದ ಸುತ್ತು ಹೊಡೆಯಬೇಕಿತ್ತು. ಈಗಲೂ ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಊರಿನ ಕಡೆ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ರಸ್ತೆ ಬಂದ್. ಅಂಥ ರಾತ್ರಿ ಆರೋಗ್ಯ ಕೇಂದ್ರದಲ್ಲಿ ಇರುವವಳು ಒಬ್ಬ ನರ್ಸ್. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಕೊಟ್ಟು, ಗರ್ಭಕೋಶ ಗಟ್ಟಿಯಾಯಿತಾ ಎಂದು ಕೈಯಿಂದ ಮುಟ್ಟಿ ನೋಡಬೇಕು. ಅದು ಮೆತ್ತಗಿದ್ದರೆ ರಕ್ತ ನಿಲ್ಲುವುದಿಲ್ಲ. ಗಟ್ಟಿ ಯಾವುದು, ಮೆತ್ತಗೆ ಯಾವುದು ಅನ್ನುವುದು ಪುಸ್ತಕ ಓದಿದರೆ ಗೊತ್ತಾಗುವುದಿಲ್ಲ. ಆ ಕೈ ಎಲ್ಲೋ ಒಬ್ಬ ಬಾಣಂತಿಯ ಹೊಟ್ಟೆಯ ಮೇಲೆ ಕಲಿತಿರಲೇಬೇಕು.

ಹಾಗಾಗಿ ಆ ತಾಯಂದಿರಿಗೆ ಹೇಳುತ್ತೇನೆ: ಅಮ್ಮ, ನಿಮ್ಮ ಮಗಳಿಗೆ ಬೇಡ ಅನ್ನಿಸಿದರೆ ಬೇಡ ಅನ್ನಲಿ. ಆರೈಕೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅವಳೇ ಆ ಹುಡುಗಿಯ ಕೈ ಹಿಡಿದುಕೊಂಡಿದ್ದರೆ, ದಯವಿಟ್ಟು ಹೊರಗೆ ಕಳಿಸಬೇಡಿ.