ಸಾಲ ತೀರಿದ ಲಾರಿಯನ್ನು ಮಾರಬೇಕಾ?

ಲಾರಿಯ ಕೊನೆಯ ಕಂತು ಕಟ್ಟಿ ಒಂದು ವರ್ಷ ಆಯಿತು. ಆಗಲೇ ಎಲ್ಲರೂ ಹೊಸದು ತಗೋ ಅನ್ನುತ್ತಿದ್ದಾರೆ. ಕಾರಣ ಕ್ಲಚ್. ಹೋದ ತಿಂಗಳು ದಿಣ್ಣೆ ಹತ್ತುವಾಗ ಎಂಜಿನ್ ಸದ್ದು ಮಾತ್ರ ಏರಿತು, ಗಾಡಿ ಮುಂದಕ್ಕೆ ಹೋಗಲಿಲ್ಲ, ಕ್ಯಾಬಿನ್ ತುಂಬ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟ್ ಸವೆದು ರಿವೆಟ್ ಕಾಣುತ್ತಿತ್ತು. ಬಿಲ್ ನೋಡಿ ನನಗೂ ಮಾರಿಬಿಡೋಣ ಅನಿಸಿದ್ದು ನಿಜ.

ಆದರೆ ಕೂತು ಲೆಕ್ಕ ಹಾಕಿದೆ. ಇಡೀ ವರ್ಷದ ರಿಪೇರಿ ಖರ್ಚನ್ನು 12ರಿಂದ ಭಾಗಿಸಿ, ಹೊಸ ಲಾರಿಯ ತಿಂಗಳ ಕಂತಿನ ಪಕ್ಕ ಇಟ್ಟು ನೋಡಿದರೆ ರಿಪೇರಿ ಅದರ ಅರ್ಧದಷ್ಟೂ ಇಲ್ಲ. ಹೊಸದಕ್ಕೆ ವಿಮೆಯೂ ಜಾಸ್ತಿ. ಬೆಲೆ ಬೇರೆ ಮೊದಲ ವರ್ಷಗಳಲ್ಲೇ ಜೋರಾಗಿ ಇಳಿಯುತ್ತದೆ, ನನ್ನ ಹಳೇ ಲಾರಿ ಆ ಇಳಿತವನ್ನು ಯಾವತ್ತೋ ದಾಟಿದೆ. ಕೆಲಸ ಕಮ್ಮಿ ಇರುವ ತಿಂಗಳಲ್ಲಿ ಬಾಡಿ ಕೆಲಸ, ಬಣ್ಣದಂಥದ್ದನ್ನು ಮುಂದಕ್ಕೆ ಹಾಕಬಹುದು. ಕಂತನ್ನು ಹಾಗೆ ಮುಂದಕ್ಕೆ ಹಾಕಲಾಗದು, ಅಲ್ವಾ?

ಕ್ಲಚ್, ಬ್ರೇಕ್ ಲೈನಿಂಗ್, ಬ್ಯಾಟರಿ, ಟೈರ್ ಹೊಸ ಲಾರಿಯಲ್ಲೂ ಸವೆಯುತ್ತವೆ. ನಾನು ಹೆದರುವುದು ಚಾಸಿಗೆ, ಅಂದರೆ ಇಡೀ ಲಾರಿಯನ್ನು ಹೊರುವ ಕೆಳಗಿನ ಚೌಕಟ್ಟಿಗೆ. ಅದಕ್ಕೇ ಗಾಡಿ ಕೆಳಗೆ ಮಲಗಿ, ಸ್ಪ್ರಿಂಗ್ ಪಟ್ಟಿ ಕೂರುವ ಜಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡಿದೆ. ಠಣ್ ಅಂದಿತು, ಅಂದರೆ ಒಳಗೆ ಗಟ್ಟಿಯಾಗಿದೆ. ತುಕ್ಕು ಮೇಲೆ ಮೇಲೆ ಮಾತ್ರ, ಪದರ ಪದರವಾಗಿ ಕಿತ್ತು ಬರಲಿಲ್ಲ, ಬಿರುಕೂ ಇಲ್ಲ. ಎಂಜಿನ್ ಆಯಿಲ್ ಕುಡಿಯುತ್ತಿಲ್ಲ, ನೀಲಿ ಹೊಗೆಯೂ ಬರುತ್ತಿಲ್ಲ.

ರಸ್ತೆ ಮಧ್ಯೆ ಪದೇ ಪದೇ ನಿಂತು ಬಾಡಿಗೆ ತಪ್ಪಲು ಶುರುವಾದರೆ ಮಾತು ಬೇರೆ. ಸದ್ಯಕ್ಕೆ ಇದೇ ಇರಲಿ. ಮೊದಲು ಕಟ್ಟುತ್ತಿದ್ದ ಕಂತಿನ ಅರ್ಧದಷ್ಟನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕುತ್ತಿದ್ದೇನೆ, ಮುಂದಿನ ಲಾರಿಗೆ ಅಂತ.